ಜತ್ತದ ತೆಂಗಿನಕಾಯಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗದಲ್ಲಿ, ಉಮದಿ-ಸಂಖ ಕಡೆ, ಆಮದಾರರು ಅಂದರೆ ಶಾಸಕರು. ಅವರ ಭಾಷಣ ಮರಾಠಿಯಲ್ಲಿ. ಕೆಳಗೆ ಕೂತ ಅಜ್ಜಂದಿರು ಪಕ್ಕದವನಿಗೆ ಕೇಳುವುದು ಕನ್ನಡದಲ್ಲಿ: "ನೀರಿಂದೇನರ ಹೇಳಿದ್ರೇನೋ ತಮ್ಮಾ?"

ರಸ್ತೆಯ ಭೂಮಿಪೂಜೆ, ಸಭಾಮಂಟಪದ ಉದ್ಘಾಟನೆ, ಮದುವೆಯಲ್ಲೊಂದು ಅಕ್ಷತೆ, ಗುಡ್ಡಾಪುರದ ದಾನಮ್ಮದೇವಿ ಜಾತ್ರೆಯಲ್ಲೊಂದು ಕೈಮುಗಿತ. ಪುಢಾರಿಯ ದಿನ ಹೀಗೇ ಮುಗಿಯುತ್ತದೆ. ನಾನಿದನ್ನು ಹಗುರ ಮಾಡುತ್ತಿಲ್ಲ. ಸತ್ತವರ ಮನೆಗೆ ಬಂದು ಹತ್ತು ನಿಮಿಷ ಕೂತವನನ್ನು ಊರು ಮರೆಯೋದಿಲ್ಲ. ಆದರೆ ಇಲ್ಲಿ ಎಷ್ಟು ಕಾಯಿ ಒಡೆದರೂ ಕಡೆಗೆ ಲೆಕ್ಕಕ್ಕೆ ಬರುವುದು ಮ್ಹೈಸಾಳ ಏತ ನೀರಾವರಿ ಯೋಜನೆಯ ನೀರು.

2022ರ ನವೆಂಬರ್ ನೆನಪಾಗುತ್ತದೆ. ಕರ್ನಾಟಕ ಸೇರಬೇಕೆಂದು ಇಲ್ಲಿನ ಹಳ್ಳಿಗಳು ಹಿಂದೆಂದೋ ಮಾಡಿದ್ದ ಠರಾವನ್ನು ಆಗ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಎತ್ತಿ ಆಡಿದರು. ಮುಂಬೈಗೆ ಒಮ್ಮೆಲೇ ಜತ್ತ ನೆನಪಾಯಿತು. ವಿಸ್ತಾರಿತ ಮ್ಹೈಸಾಳ ಯೋಜನೆಯ ಮಾತು ಜೋರಾಯಿತು. ಆಗ ವಿಕ್ರಮಸಿಂಹ ಸಾವಂತ ಶಾಸಕರು. 2024ರಲ್ಲಿ ಅವರನ್ನು ಸೋಲಿಸಿ ಗೋಪಿಚಂದ ಪಡಳಕರ ಬಂದರು. ಪಕ್ಷ ಬದಲು, ಕಟೌಟಿನ ಮುಖ ಬದಲು.

ಗಡಿ ಠರಾವಿನಲ್ಲಿ ಭಾಷಾಪ್ರೇಮ ಎಷ್ಟು, ಬಾಯಾರಿಕೆ ಎಷ್ಟು? ನನಗನಿಸುವಂತೆ ಬಾಯಾರಿಕೆಯದೇ ದೊಡ್ಡ ಪಾಲು. ಕನ್ನಡ ಶಾಲೆಗೆ ಮಾಸ್ತರ ಬೇಕು ಅನ್ನುವುದೂ ಅಷ್ಟೇ ಹಳೆಯ ಅರ್ಜಿ, ಅದಕ್ಕೆ ಮಾತ್ರ ಯಾರೂ ಕಾಯಿ ಒಡೆದ ಫೋಟೋ ನಾನು ನೋಡಿಲ್ಲ.