ಹಳೇ ಯೆಜ್ಡಿಗೆ ಹೊಸ ಸೈಲೆನ್ಸರ್ ಹುಡುಕಿದ ಕತೆ

ನಮ್ಮ ಮನೆಯ ಗಾಡಿ ಯೆಜ್ಡಿ ರೋಡ್‌ಕಿಂಗ್. ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಓಡಿಸಿದ್ದು. ಈಗ ನಾವು ಅಣ್ಣ ತಮ್ಮ ಇಬ್ಬರ ಹೊಟ್ಟೆಪಾಡೂ ಅದರ ಮೇಲೆಯೇ. ದೊಡ್ಡವರಿಗೆ ಸುದ್ದಿಗೆ ಬೇಕು, ಚಿಕ್ಕವನಿಗೆ ರೇಷ್ಮೆಗೂಡಿನ ಮಾರುಕಟ್ಟೆಗೆ ಬೇಕು. ಈ ಮಳೆಗಾಲದಲ್ಲಿ ಎರಡೂ ಸೈಲೆನ್ಸರ್ ತುಕ್ಕು ತಿಂದು ತಳ ತೂತಾದವು. ವೆಲ್ಡಿಂಗ್ ಮಾಡಿಸಿದರೆ ಪಕ್ಕದಲ್ಲೇ ಇನ್ನೊಂದು ತೂತು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈಗಿನ ಹೊಸ ಯೆಜ್ಡಿ ಫೋರ್ ಸ್ಟ್ರೋಕ್, ಅದರ ಪೈಪು ನಮ್ಮ ಟೂ ಸ್ಟ್ರೋಕ್ ಗಾಡಿಗೆ ಆಗುವುದಿಲ್ಲ. ಉಳಿದದ್ದು ಮೂರು ದಾರಿ: ಗುಜರಿಯ ಹಳೇ ಕಂಪನಿ ಪೈಪು, ಅದೇ ಅಳತೆಗೆ ಹೊಸದಾಗಿ ಮಾಡಿದ್ದು, ಇಲ್ಲವೇ ಒಳಗೆ ಏನೂ ಇಲ್ಲದ ಸದ್ದಿನ ಪೈಪು.

ತಮ್ಮನಿಗೆ ಮೂರನೆಯದರ ಮೇಲೇ ಕಣ್ಣು. "ರೇಟೂ ಕಮ್ಮಿ ಅಣ್ಣಾ, ಬಂದ್ರೆ ಊರಿಗೆಲ್ಲ ಗೊತ್ತಾಗ್ಬೇಕು" ಅಂದ.

ಮೆಕ್ಯಾನಿಕ್ ಬಿಡಿಸಿ ಹೇಳಿದರು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೋಗುವ ಕಿಂಡಿ, ಪೆಟ್ರೋಲು ಗಾಳಿ ಬರುವ ಕಿಂಡಿ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಪೈಪಿನೊಳಗಿಂದ ಹಿಂದಕ್ಕೆ ಬರುವ ಒತ್ತಡ ಸುಡದ ಪೆಟ್ರೋಲು ಪೋಲಾಗುವುದನ್ನು ಅಷ್ಟಿಷ್ಟು ತಡೆಯುತ್ತದೆ. ಒಳಗಿನ ಬ್ಯಾಫಲ್ ತೆಗೆದರೆ ಆ ಲೆಕ್ಕ ತಪ್ಪಿ ಎಳೆತ ಹೋಗುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಶಬ್ದದ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಪೊಲೀಸರು ಇಂಥ ಸೈಲೆನ್ಸರ್ ಕಿತ್ತು ರೋಡ್ ರೋಲರ್ ಹತ್ತಿಸಿದ ಸುದ್ದಿ ಬರೆದವರು ನಾವೇ. ಸುದ್ದಿಗೆಂದು ನಾವು ಹೋಗುವುದು ಸಾವಿನ ಮನೆಗೆ, ಆಸ್ಪತ್ರೆಗೆ, ಪರೀಕ್ಷೆ ನಡೆಯುವ ಶಾಲೆಗೆ. ಅಲ್ಲಿ ಗಾಡಿ ಗುಡುಗಿದರೆ ಆಮೇಲೆ ನಮ್ಮ ಜೊತೆ ಯಾರು ಮಾತಾಡುತ್ತಾರೆ? ತಮ್ಮ ಸುಮ್ಮನಾದ.

ಗುಜರಿಯ ಪೈಪಿನ ತಗಡು ದಪ್ಪ, ಆದರೆ ಟಾರ್ಚ್ ಬಿಟ್ಟು ನೋಡಿದರೆ ಒಂದರ ಒಳಭಾಗ ಪೂರ್ತಿ ಕೊಳೆತಿತ್ತು. ಅದನ್ನು ಬಿಟ್ಟು ಬ್ಯಾಫಲ್ ಇರುವ ಹೊಸ ಜೋಡಿಯನ್ನೇ ತಂದೆವು. ಒಂದು ತಿಂಗಳ ಸುದ್ದಿ ದುಡ್ಡು ಸಾಲದೆ ಗೂಡಿನ ದುಡ್ಡೂ ಸೇರಿತು.

ನೀವೂ ಕೊಳ್ಳುವುದಿದ್ದರೆ ಇಷ್ಟು ನೋಡಿ. ಹಳೇ ಪೈಪನ್ನು ಜೊತೆಗೇ ಒಯ್ದು ಉದ್ದ, ಬಾಯಿಯ ಅಗಲ, ಕ್ಲಾಂಪ್ ಕೂರುವ ಜಾಗ ತಾಳೆ ಹಾಕಿ. ಈ ಗಾಡಿಗೆ ಸಿಲಿಂಡರ್ ಒಂದೇ ಆದರೂ ಪೈಪು ಎರಡು, ಆದ್ದರಿಂದ ಎಡ ಬಲ ಬೇರೆ ಬೇರೆ ನೋಡಿ. ಬ್ಯಾಫಲ್ ಬಿಚ್ಚಿ ತೊಳೆಯಲು ಬರುತ್ತದೆಯೇ ಕೇಳಿ. ಟೂ ಸ್ಟ್ರೋಕ್ ಆಯಿಲ್ಲಿನ ಮಸಿ ಕಟ್ಟಿಯೇ ಕಟ್ಟುತ್ತದೆ, ಆಗಾಗ ತೆಗೆಯದಿದ್ದರೆ ಹೊಸದಾದರೂ ಗಾಡಿ ಎಳೆಯುವುದಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿಸಿ. ಸಿಲಿಂಡರ್ ಬಾಯಿಯ ನಟ್ಟನ್ನು ಸುತ್ತಿಗೆಯಿಂದ ಹೊಡೆಯಲು ಬಿಡಬೇಡಿ. ಥ್ರೆಡ್ ಹೋದರೆ ಸೈಲೆನ್ಸರಿಗಿಂತ ದೊಡ್ಡ ಖರ್ಚು ಅದೇ.