ಬಿಂದುಮೇಘದೊಳಗೆ ಗೆರೆಯನ್ನು ಹುಡುಕುತ್ತ

ಕನ್ನಡ ವಿಭಾಗದ ಈ ಸಂಸ್ಮರಣ ಸಂಪುಟಕ್ಕೆ ಲೇಖನವೊಂದು ಬೇಕೆಂದು ಕೇಳಿದ ಸಂಪಾದಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟು, ಅನುಭವದಿಂದ ಬಂದದ್ದಾಗಿರಲಿ ಎಂಬ ಒಂದೇ ಷರತ್ತನ್ನು ವಿಧಿಸಿದರು. ಇದರ ಉಳಿದ ಲೇಖಕರಲ್ಲಿ ಬಹುಪಾಲು ಜನ ಅಧ್ಯಾಪಕರು, ಸಂಶೋಧಕರು. ನಾನಾದರೋ ಹಗಲೆಲ್ಲ ಮುಂಬಯಿಯ ವಾಸ್ತುಶಿಲ್ಪ ಕಚೇರಿಗಳಲ್ಲಿ ನಕ್ಷೆ ಬಿಡಿಸಿ, ಸಂಜೆ ಲೋಕಲ್ ರೈಲಿನ ನೂಕುನುಗ್ಗಲಿನಿಂದ ಪಾರಾಗಿ ಬಂದು, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಎಂ.ಎ. ಮುಗಿಸಿದವನು. ಹಳಗನ್ನಡದ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲ. ಗೆರೆಯ ಬಗ್ಗೆ ಬರೆಯಬಲ್ಲೆ. ನಾಲ್ಕು ದಶಕಗಳಿಗೆ ಸಮೀಪವಾಗಿ ಅನ್ನ ಕೊಟ್ಟದ್ದು ಗೆರೆಯೇ.

ಗೆರೆ ಎಳೆಯುವ ಕೆಲಸದಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಆದ ಬದಲಾವಣೆ ಸಣ್ಣದಲ್ಲ. ಈಗ ಹಳೆಯ ಕಟ್ಟಡವೊಂದನ್ನು ಅಳೆಯಬೇಕಾದರೆ ಯಾರೂ ಟೇಪು ಹಿಡಿದು ಹೋಗುವುದಿಲ್ಲ. ಮುಕ್ಕಾಲಿಯ ಮೇಲೆ ಯಂತ್ರವೊಂದನ್ನು ನಿಲ್ಲಿಸುತ್ತಾರೆ. ಅದರೊಳಗಿನ ಕನ್ನಡಿ ಮೇಲಿಂದ ಕೆಳಕ್ಕೆ ಗಿರ್ರನೆ ಸುತ್ತುತ್ತದೆ. ಯಂತ್ರದ ತಲೆ ನಿಧಾನವಾಗಿ ಅಡ್ಡಕ್ಕೆ ತಿರುಗುತ್ತದೆ. ಕನ್ನಡಿಯಿಂದ ಹೊರಟ ಲೇಸರ್ ಕಿರಣ ಗೋಡೆಗೆ ತಾಗಿ ಮರಳುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆಯಾದ್ದರಿಂದ, ಹೋಗಿ ಬರುವ ಕಾಲವನ್ನು ಅಷ್ಟು ಸೂಕ್ಷ್ಮವಾಗಿ ಎಣಿಸಿದರೆ ದೂರ ಸಿಗುತ್ತದೆ. ಕೆಲವು ಯಂತ್ರಗಳು ಕಾಲವನ್ನು ಎಣಿಸದೆ, ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸವನ್ನು ನೋಡಿ ದೂರವನ್ನು ತಿಳಿಯುತ್ತವೆ. ಒಂದು ದೂರ, ಎರಡು ಕೋನ. ಇಷ್ಟರಿಂದ ಒಂದು ಬಿಂದುವಿನ ಸ್ಥಾನ ನಿರ್ಧಾರವಾಗುತ್ತದೆ. ಇಂತಹ ಬಿಂದುಗಳು ಒಂದು ಸೆಕೆಂಡಿಗೆ ಲಕ್ಷಗಟ್ಟಲೆ. ಒಂದು ಸಾಧಾರಣ ಕಟ್ಟಡಕ್ಕೆ ಅವು ಕೋಟಿಗಟ್ಟಲೆಯಾಗುತ್ತವೆ. ಇದನ್ನು ನಮ್ಮ ಕಸುಬಿನವರು ಪಾಯಿಂಟ್ ಕ್ಲೌಡ್ ಎನ್ನುತ್ತಾರೆ. ನಾನು ಮನಸ್ಸಿನಲ್ಲೇ ಬಿಂದುಮೇಘ ಎಂದು ಕರೆದುಕೊಂಡಿದ್ದೇನೆ. ಕಚೇರಿಯಲ್ಲಿ ಈ ಮಾತನ್ನು ಆಡಿದರೆ ಅರ್ಥವಾಗುವವರು ಯಾರೂ ಇಲ್ಲ, ಇಲ್ಲಿಯಾದರೂ ಆಡುತ್ತೇನೆ.

ಯಂತ್ರ ಒಂದು ಕಡೆ ನಿಂತು ಎಲ್ಲವನ್ನೂ ಕಾಣಲಾರದು. ಕಂಬದ ಹಿಂದೆ, ಮೆಟ್ಟಿಲಿನ ಅಡಿಯಲ್ಲಿ, ತೊಲೆಯ ಮೇಲ್ಮುಖದಲ್ಲಿ ನೆರಳು ಉಳಿಯುತ್ತದೆ. ಅದಕ್ಕಾಗಿ ಹತ್ತಾರು ತಾಣಗಳಲ್ಲಿ ನಿಲ್ಲಿಸಿ, ಎಲ್ಲ ತಾಣಗಳಿಗೂ ಕಾಣುವಂತೆ ಬಿಳಿಯ ಗೋಳಗಳನ್ನೋ ಚೌಕುಳಿ ಹಾಳೆಗಳನ್ನೋ ಇಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಂದಿಸಬೇಕು.

ಇದಕ್ಕೆ ಮುಂಚಿನ ಕಾಲವನ್ನು ನಾನು ಬಲ್ಲೆ. ಇಬ್ಬರು ಟೇಪು ಹಿಡಿಯುವುದು, ಒಬ್ಬ ಬರೆದುಕೊಳ್ಳುವುದು. ಕೋಣೆಯ ನಾಲ್ಕು ಬದಿಗಳ ಜೊತೆಗೆ ಎರಡು ಕರ್ಣಗಳನ್ನೂ ಅಳೆಯದೆ ಹೊರಗೆ ಬರಬಾರದೆಂಬುದು ನಮ್ಮ ಹಿರಿಯ ನಕ್ಷೆಗಾರರ ಆಜ್ಞೆ; ಕರ್ಣವಿಲ್ಲದ ಅಳತೆ ಕೋಣೆಯನ್ನು ಸುಳ್ಳು ಸುಳ್ಳೇ ಚೌಕಾಕಾರ ಮಾಡಿಬಿಡುತ್ತದೆ. ಮರಾಠಿ ಮೇಸ್ತ್ರಿಗಳು ಓಳಂಬಾ ಎನ್ನುವ ತೂಗುಗುಂಡನ್ನು ಇಳಿಬಿಟ್ಟು ಗೋಡೆಯ ವಾಲನ್ನು ನೋಡುತ್ತಿದ್ದೆವು. ಕಚೇರಿಗೆ ಬಂದು ಟ್ರೇಸಿಂಗ್ ಹಾಳೆಯ ಮೇಲೆ ರೋಟ್ರಿಂಗ್ ಲೇಖನಿಯಿಂದ ಗೆರೆ ಎಳೆದು, ತಪ್ಪಿದರೆ ಬ್ಲೇಡಿನಿಂದ ಕೆರೆದು, ಅಮೋನಿಯಾ ವಾಸನೆಯ ಪ್ರತಿ ತೆಗೆಸುತ್ತಿದ್ದೆವು. 1982ರಲ್ಲಿ ಹುಟ್ಟಿದ ಆಟೋಕ್ಯಾಡ್ ನಮ್ಮ ಕಚೇರಿಗೆ ಬಂದಾಗ ಬ್ಲೇಡು ಹೋಯಿತು, ವಾಸನೆ ಹೋಯಿತು. ಆದರೆ ಅಳತೆಯ ರೀತಿ ಬದಲಾಗಲಿಲ್ಲ. 2010ರಲ್ಲಿ ಹೊರಬಂದ ಆಟೋಕ್ಯಾಡ್ 2011ರ ಆವೃತ್ತಿಯಲ್ಲಿ ಬಿಂದುಮೇಘವನ್ನು ನೇರವಾಗಿ ನಕ್ಷೆಯೊಳಗೆ ತಂದು ಜೋಡಿಸುವ ಸೌಲಭ್ಯ ಸೇರಿದ ಮೇಲೆ ಅದೂ ಬದಲಾಯಿತು.

ಹೊಸಬರು ತಪ್ಪು ತಿಳಿಯುವುದು ಇಲ್ಲಿಯೇ. ಯಂತ್ರ ಅಳೆದಿದೆ, ಇನ್ನು ನಕ್ಷೆ ತಾನಾಗಿ ಬರುತ್ತದೆ ಎಂದುಕೊಳ್ಳುತ್ತಾರೆ. ಬಿಂದುಮೇಘದಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಮೂಲೆಯಿಲ್ಲ. ಬಿಂದುಗಳಷ್ಟೇ ಇವೆ. ಗೋಡೆಯ ಬಿಂದುವಿಗೂ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಬಿಂದುವಿಗೂ ಯಂತ್ರ ಭೇದವೆಣಿಸುವುದಿಲ್ಲ. ಪರದೆಯನ್ನು ಹತ್ತಿರಕ್ಕೆ ತಂದಷ್ಟೂ ಗೋಡೆ ಚದುರುತ್ತ ಹೋಗಿ, ಕೊನೆಗೆ ಚುಕ್ಕೆಗಳ ನಡುವಿನ ಕತ್ತಲೆ ಮಾತ್ರ ಕಾಣುತ್ತದೆ. ಆದ್ದರಿಂದ ನಾವು ಒಂದು ಎತ್ತರದಲ್ಲಿ, ವಾಡಿಕೆಯಾಗಿ ನೆಲದಿಂದ ಸುಮಾರು ಒಂದು ಕಾಲು ಮೀಟರಿನಲ್ಲಿ, ತೆಳ್ಳನೆಯ ಪದರವೊಂದನ್ನು ಕತ್ತರಿಸಿ ತೆಗೆಯುತ್ತೇವೆ. ಮೇಲಿನದನ್ನೂ ಕೆಳಗಿನದನ್ನೂ ಮರೆಮಾಡುತ್ತೇವೆ. ಉಳಿದ ಚುಕ್ಕೆಗಳ ಸಾಲಿನ ಮೇಲೆ ಕಣ್ಣಿಟ್ಟು ಗೆರೆ ಎಳೆಯುತ್ತೇವೆ. ಆ ಸಾಲು ಕೂದಲೆಳೆಯಂತೆ ಸಪೂರವಾಗಿರುವುದಿಲ್ಲ. ಗಾರೆಯ ಉಬ್ಬುತಗ್ಗು, ಯಂತ್ರದ ಅಲ್ಪ ನಡುಕ ಎಲ್ಲ ಸೇರಿ ಅದಕ್ಕೊಂದು ದಪ್ಪವಿರುತ್ತದೆ. ಆ ದಪ್ಪದೊಳಗೆ ಗೆರೆ ಎಲ್ಲಿ ಹೋಗಬೇಕೆಂಬುದನ್ನು ಹೇಳಬೇಕಾದವನು ನಕ್ಷೆಗಾರ.

2014ರಲ್ಲಿ ಮಧ್ಯ ಮುಂಬಯಿಯ ಹಳೆಯ ಚಾಳೊಂದರ ಕೆಲಸ ನನ್ನ ಮೇಜಿಗೆ ಬಂತು. ಕೆಡವಿ ಹೊಸದಾಗಿ ಕಟ್ಟುವ ಮುನ್ನ ಪ್ರತಿಯೊಂದು ಖೋಲಿಯ ಒಳ ವಿಸ್ತೀರ್ಣವನ್ನು ದಾಖಲಿಸಬೇಕಿತ್ತು. ಹತ್ತಡಿ ಹನ್ನೆರಡಡಿಯ ಖೋಲಿಗಳು, ಮುಂದೆ ಮರದ ಕಟಕಟೆಯ ಉದ್ದ ಪಡಸಾಲೆ, ತುದಿಯಲ್ಲಿ ಸಾಮೂಹಿಕ ನಲ್ಲಿ. ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಇಂತಹ ಚಾಳುಗಳಲ್ಲಿ ಕೊಂಕಣದವರ ಜೊತೆಗೆ ನಮ್ಮ ಕರಾವಳಿಯವರೂ ಇದ್ದರು. ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ಹುಡುಗರು ಒಂದೊಂದು ಖೋಲಿಯಲ್ಲಿ ಎಂಟು ಹತ್ತು ಮಂದಿ ಮಲಗುತ್ತಿದ್ದರು. ಈ ಚಾಳಿನ ಎರಡನೆಯ ಮಹಡಿಯಲ್ಲಿಯೂ ಕನ್ನಡದ ಕ್ಯಾಲೆಂಡರೊಂದು ಬಿಂದುಗಳ ನಡುವೆ ಕಾಣಿಸಿತು. ಅಕ್ಷರಗಳನ್ನು ಓದುವಷ್ಟು ಸ್ಪಷ್ಟತೆ ಇರಲಿಲ್ಲ. ಲಿಪಿಯ ದುಂಡುತನದಿಂದ ಗುರುತಿಸಿದೆ.

ಆ ಮಹಡಿಯ ಒಂದು ಖೋಲಿ ನನ್ನನ್ನು ಎರಡು ದಿನ ಕಾಡಿತು. ನಕ್ಷೆಯ ಪ್ರಕಾರ ಅದರೊಳಗೆ ಇನ್ನೊಂದು ಖೋಲಿ ಅಡ್ಡವಾಗಿ ನುಗ್ಗಿತ್ತು: ಮಂಚ, ಪಾತ್ರೆಯ ಗೂಡು, ಕಿಟಕಿ ಎಲ್ಲ ಇದ್ದ, ಆದರೆ ನಿಜವಾಗಿ ಇರಲು ಸಾಧ್ಯವೇ ಇಲ್ಲದ ಒಂದು ಖೋಲಿ. ಪಕ್ಕದ ಮನೆಯ ಉಕ್ಕಿನ ಕಪಾಟಿನ ಕನ್ನಡಿ ಅದಕ್ಕೆ ಕಾರಣವಾಗಿತ್ತು. ಕಿರಣ ಕನ್ನಡಿಗೆ ಬಡಿದು, ತಿರುಗಿ ಎದುರಿನ ಗೋಡೆಗೆ ಹೋಗಿ, ಅದೇ ದಾರಿಯಲ್ಲಿ ಮರಳುತ್ತದೆ. ದಾರಿ ತಿರುಗಿತೆಂಬುದು ಯಂತ್ರಕ್ಕೆ ತಿಳಿಯದು. ಹೊರಟ ದಿಕ್ಕಿನಲ್ಲಿಯೇ ನೇರವಾಗಿ ಸಾಗಿತೆಂದು ನಂಬಿ, ಕನ್ನಡಿಯ ಆಚೆಗೆ, ಗೋಡೆಯನ್ನೂ ದಾಟಿ, ನೆರೆಯವರ ಮನೆಯಲ್ಲಿ ಬಿಂದುಗಳನ್ನು ಸುರಿಯುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಬಾಳಿದವರಿಗೆ ಯಂತ್ರ ಇನ್ನೊಂದು ಖೋಲಿಯನ್ನು ದಯಪಾಲಿಸಿತ್ತು. ನಾನು ಅದನ್ನು ಸುತ್ತುವರಿದು ಅಳಿಸಬೇಕಾಯಿತು.

ಅದಕ್ಕಿಂತ ಕಠಿಣವಾದದ್ದು ಗೋಡೆಯ ಪ್ರಶ್ನೆ. ಒಂದು ಖೋಲಿಯ ಉದ್ದದ ಗೋಡೆ ಒಳಗೆ ವಾಲಿತ್ತು. ನೆಲದ ಮಟ್ಟಕ್ಕೂ ಪದರ ಕತ್ತರಿಸುವ ವಾಡಿಕೆಯ ಮಟ್ಟಕ್ಕೂ 5 ಸೆಂಟಿಮೀಟರಿನ ಅಂತರ. ಹನ್ನೆರಡಡಿಯ ಉದ್ದಕ್ಕೆ ಇದು ಸುಮಾರು 2 ಚದರ ಅಡಿ. ಬೇರೆ ಊರಿನಲ್ಲಿ ನಗೆಯಾಡುವ ಸಂಗತಿ. ಮುಂಬಯಿಯಲ್ಲಿ ಎರಡು ಚದರ ಅಡಿಯ ಬೆಲೆ ಒಬ್ಬ ಕೂಲಿಕಾರನ ಎಷ್ಟು ತಿಂಗಳ ದುಡಿಮೆಯೆಂಬುದನ್ನು ಓದುಗರೇ ಲೆಕ್ಕ ಹಾಕಲಿ. ವಾಡಿಕೆಯ ಪದರವನ್ನೇ ಹಿಡಿದರೆ ಅಲ್ಲಿದ್ದ ಸಂಸಾರ ಆ ಎರಡು ಅಡಿಯನ್ನು ದಾಖಲೆಯಲ್ಲಿ ಕಳೆದುಕೊಳ್ಳುತ್ತಿತ್ತು. ನೆಲದಲ್ಲಿ ಹಿಡಿದರೆ ಉಳಿಯುತ್ತಿತ್ತು. ಯಂತ್ರ ಎರಡನ್ನೂ ಅಷ್ಟೇ ನಿಷ್ಠೆಯಿಂದ ಅಳೆದಿತ್ತು, ಎರಡೂ ನಿಜವೇ. ಕೆಲಸ ಒಪ್ಪಿಸಿದ ಸಂಸ್ಥೆಯವರು ಎಲ್ಲ ಖೋಲಿಗಳಿಗೂ ಒಂದೇ ಎತ್ತರ ಸಾಕೆಂದರು. ಜನ ಚಾಪೆ ಹಾಸುವುದು ನೆಲದ ಮೇಲೆ, ಒಂದು ಕಾಲು ಮೀಟರಿನ ಎತ್ತರದಲ್ಲಲ್ಲ ಎಂಬುದು ನನ್ನ ವಾದ. ಒಳ ವಿಸ್ತೀರ್ಣವೆಂದರೆ ನೆಲಹಾಸಿನ ವಿಸ್ತೀರ್ಣವೆಂದೇ ಆ ಹೆಸರು ಹೇಳುತ್ತದೆಯಲ್ಲವೆ? ಎರಡು ವಾರ ಪತ್ರಗಳು ಓಡಾಡಿದವು. ಕೊನೆಗೆ ಅಡ್ಡ ಸೀಳಿಕೆಯ ನಕ್ಷೆಯನ್ನು ಜೊತೆಗಿಟ್ಟು, ಇಡೀ ಚಾಳಿಗೆ ನೆಲಮಟ್ಟದ ಪದರವನ್ನೇ ಬಳಸಲು ಒಪ್ಪಿದರು. ಕೆಲವು ಖೋಲಿಗಳಿಗೆ ಅದರಿಂದ ಅರ್ಧ ಅಡಿ ನಷ್ಟವೂ ಆಯಿತು. ಗೋಡೆಗಳು ಹೊರಕ್ಕೂ ವಾಲುತ್ತವೆ. ಆದರೆ ನಿಯಮ ಎಲ್ಲರಿಗೂ ಒಂದಾಯಿತು, ಏಕೆ ಒಂದಾಯಿತೆಂಬುದು ಹಾಳೆಯ ಮೇಲೆ ಬರೆದಿತ್ತು.

ಆ ದಿನಗಳಲ್ಲಿ ನನಗೆ ನೆನಪಾದದ್ದು ಎಂ.ಎ. ತರಗತಿಯಲ್ಲಿ ಓದಿದ ಡಿ. ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪುಸ್ತಕ. ಪರೀಕ್ಷೆಗಾಗಿ ಓದಿದ್ದು ಬದುಕಿನಲ್ಲಿ ಒದಗುವುದು ಅಪರೂಪ. ಸಂಪಾದಕನ ಮುಂದೆ ಓಲೆಪ್ರತಿಗಳಿರುವಂತೆ ನನ್ನ ಮುಂದೆ ಹಲವು ತಾಣಗಳ ಮೇಘಗಳಿದ್ದವು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ. ಒಂದೇ ಮೂಲೆಯ ಬಗ್ಗೆ ಎರಡು ತಾಣಗಳು ಎರಡು ಪಾಠಾಂತರಗಳನ್ನು ಕೊಡುತ್ತವೆ. ಕಪಾಟಿನ ಹಿಂದಿನ ಗೋಡೆ ಗ್ರಂಥಪಾತ. ಕನ್ನಡಿಯ ಖೋಲಿ ಪ್ರಕ್ಷಿಪ್ತ. ಕಾಣದ ಗೋಡೆಯನ್ನು ಊಹಿಸಿ ಎಳೆಯುವಾಗ ನಾವು ತುಂಡುಗೆರೆಯನ್ನು ಬಳಸುತ್ತೇವೆ, ಸಂಪಾದಕ ತಾನು ತುಂಬಿದ ಅಕ್ಷರವನ್ನು ಕಂಸದಲ್ಲಿಡುವಂತೆ. ಈಚಿನ ತರುಣ ನಕ್ಷೆಗಾರರು ಅವಸರದಲ್ಲಿ ಎಲ್ಲವನ್ನೂ ಅಖಂಡ ಗೆರೆಯಲ್ಲಿ ಎಳೆದುಬಿಡುತ್ತಾರೆ. ಇದರ ಬಗ್ಗೆ ನಾನು ಅವರೊಡನೆ ಜಗಳವಾಡಿದ್ದುಂಟು, ಈಗಲೂ ಆಡುತ್ತೇನೆ. ಹೋಲಿಕೆಯನ್ನು ತೀರ ಎಳೆಯಬಾರದೆಂಬುದನ್ನೂ ಬಲ್ಲೆ: ಓಲೆಯ ಲಿಪಿಕಾರನಿಗೆ ಮನಸ್ಸಿತ್ತು, ನಿದ್ದೆ ಬರುತ್ತಿತ್ತು, ಇಷ್ಟಾನಿಷ್ಟಗಳಿದ್ದವು. ಯಂತ್ರಕ್ಕೆ ಅವೊಂದೂ ಇಲ್ಲ.

ಅಳೆಯುವುದಕ್ಕೂ ಎಳೆಯುವುದಕ್ಕೂ ಇರುವ ಸಂಬಂಧ ಎಷ್ಟು ಆಳವಾದದ್ದೆಂಬುದು ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ವಿಷಯದಲ್ಲಿ ಕಂಡುಬಂತು. ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸದ ಅಧ್ಯಾಪಕರು 2010ರಲ್ಲಿ ಅದನ್ನು ಒಳಗೂ ಹೊರಗೂ ಐವತ್ತಕ್ಕೂ ಹೆಚ್ಚು ತಾಣಗಳಿಂದ ಸ್ಕ್ಯಾನ್ ಮಾಡಿ, ನೂರು ಕೋಟಿಗೂ ಮೀರಿದ ಬಿಂದುಗಳನ್ನು ಸಂಗ್ರಹಿಸಿದ್ದರು. ಅವರು 2018ರಲ್ಲಿ ತೀರಿಕೊಂಡರು. 2019ರ ಏಪ್ರಿಲ್ 15ರಂದು ಇಗರ್ಜಿಯ ಛಾವಣಿ ಸುಟ್ಟುಹೋಯಿತು. ಅವರ ಬಿಂದುಗಳು ಜಗತ್ತಿನ ಗಮನ ಸೆಳೆದವು. ಅಷ್ಟೊಂದು ಸುದ್ದಿಯಾಗದ ಇನ್ನೊಂದು ಸಂಗತಿಯಿದೆ: 2014ರಲ್ಲಿ ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳು ಆ ಛಾವಣಿಯ ಓಕ್ ಮರದ ಚೌಕಟ್ಟನ್ನು ವಿವರವಾಗಿ ನಕ್ಷೆಗಿಳಿಸಿದ್ದರು. ಚೌಕಟ್ಟನ್ನು ಮತ್ತೆ ಕಟ್ಟುವಾಗ ಬಡಗಿಗಳಿಗೆ ಆ ನಕ್ಷೆಗಳು ಬಹುವಾಗಿ ಒದಗಿದವು; 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ತೆರೆಯಿತು. ಇದರಿಂದ ನನ್ನ ವೃತ್ತಿಗೆ ಸಮಾಧಾನವಾಯಿತೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ವಿಭಾಗದ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರವಾದ ಕೆಲಸವೊಂದು ಬೆಂಗಳೂರಿನಲ್ಲಿ ನಡೆದಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಿಂದೀಚೆಗೆ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 1886ರಲ್ಲಿ ಪ್ರಾರಂಭವಾದ ಕಾಲದಿಂದ ಶಾಸನದ ಓದು ಹೆಚ್ಚಾಗಿ ಅಚ್ಚೆಯನ್ನು ನೆಚ್ಚಿಕೊಂಡು ಬಂದಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ತೆಗೆಯುವ ಆ ಅಚ್ಚೆಯಲ್ಲಿ ಕಲ್ಲಿನ ಬಿರುಕು ಅಕ್ಷರದ ಒತ್ತಾಗಿಯೂ ಒತ್ತು ಬಿರುಕಾಗಿಯೂ ತೋರಬಹುದು. ಸ್ಕ್ಯಾನ್ ಮಾಡಿದ ಶಾಸನಕ್ಕಾದರೆ ಕಂಪ್ಯೂಟರಿನಲ್ಲಿ ಬೇಕಾದ ಕಡೆಯಿಂದ ಬೆಳಕು ಬೀಳಿಸಬಹುದು. ಅಡ್ಡ ಬೆಳಕಿನಲ್ಲಿ ಸವೆದ ಅಕ್ಷರದ ಹಳ್ಳ ಮೇಲೇಳುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನ ಶಾಸನ ಈಗ ಈ ರೂಪದಲ್ಲಿಯೂ ಇದೆ. ಆದರೂ ಹಳ್ಳವನ್ನು ನೋಡಿ ಅದು ಕಕಾರವೋ ತಕಾರವೋ ಎಂದು ಹೇಳಬೇಕಾದವರು ಲಿಪಿ ಬಲ್ಲವರೇ. ನಮ್ಮ ವಿಭಾಗದಿಂದ ಶಾಸನಶಾಸ್ತ್ರ ಕಲಿತು ಹೊರಬರುವವರಲ್ಲಿ ಒಬ್ಬಿಬ್ಬರಾದರೂ ಈ ತಂತ್ರಾಂಶಗಳನ್ನು ಕಲಿಯಲಿ ಎಂದು ನನಗೆ ಬಹಳ ದಿನಗಳಿಂದ ಆಸೆಯಿದೆ. ಮೂರು ತಿಂಗಳ ಶ್ರಮಕ್ಕಿಂತ ಹೆಚ್ಚು ಬೇಕಾಗದು.

ಚಾಳಿನ ವಿಷಯದಲ್ಲಿ ಒಂದು ಮಾತು ಉಳಿಯಿತು. ಸ್ಕ್ಯಾನ್ ನಡೆಯುವಾಗ ಜನರು ಓಡಾಡಿದರೆ ಅವರು ಬಿಂದುಗಳ ಗೀಚಾಗಿ ಉಳಿಯುತ್ತಾರೆ. ಯಂತ್ರದ ತಲೆ ನಿಧಾನವಾಗಿ ತಿರುಗುವಷ್ಟರಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋಗಿರುತ್ತಾರಾದ್ದರಿಂದ ತಲೆಯಿಲ್ಲದ ಭುಜ, ಪಾದವಿಲ್ಲದ ಸೀರೆಯ ನೆರಿಗೆ ಮಾತ್ರ ಸಿಗುತ್ತದೆ. ತಂತ್ರಾಂಶದ ಭಾಷೆಯಲ್ಲಿ ಅದರ ಹೆಸರು ನಾಯ್ಸ್, ಗದ್ದಲ ಎನ್ನೋಣ. ನಕ್ಷೆ ಎಳೆಯುವ ಮೊದಲು ಗದ್ದಲವನ್ನು ತೊಳೆಯುವುದು ಕ್ರಮ. ಪಡಸಾಲೆಯ ಉದ್ದಕ್ಕೂ ಹೀಗೆ ಹನ್ನೆರಡೋ ಹದಿಮೂರೋ ಜನರಿದ್ದರು. ನಲ್ಲಿಯ ಬಳಿ ಅಲುಗಾಡದೆ ಕುಳಿತಿದ್ದ ಒಬ್ಬ ಮುದುಕಿ ಮಾತ್ರ ಪೂರ್ಣವಾಗಿ, ಕೊಡದ ಸಮೇತ, ಬಂದಿದ್ದಳು. ನಕ್ಷೆಗೆ ಅವರು ಯಾರೂ ಬೇಕಾಗಿರಲಿಲ್ಲ; ತೊಳೆದ ಪ್ರತಿಯಿಂದಲೇ ಕೆಲಸ ಮುಗಿಸಿ ಒಪ್ಪಿಸಿದೆ. ಆದರೆ ತೊಳೆಯದ ಮೂಲಪ್ರತಿಯನ್ನೂ ದಾಖಲೆಯೊಂದಿಗೆ ಇಡಬೇಕೆಂದು ಲಿಖಿತವಾಗಿ ಕೇಳಿಕೊಂಡೆ, ಜಾಗ ದಂಡವೆಂಬ ಆಕ್ಷೇಪದ ನಡುವೆಯೂ ಅದಕ್ಕೆ ಅನುಮತಿ ಸಿಕ್ಕಿತು. ಚಾಳು 2017ರಲ್ಲಿ ಬಿತ್ತು. ಎರಡು ಹಾರ್ಡ್ ಡಿಸ್ಕುಗಳಲ್ಲಿ, ಬೇರೆ ಬೇರೆ ಕಪಾಟುಗಳಲ್ಲಿ, ಆ ಕಡತಗಳಿವೆ. ವರ್ಷಕ್ಕೊಮ್ಮೆ ತೆರೆದು, ಹೊಸ ತಂತ್ರಾಂಶ ಅವನ್ನು ಇನ್ನೂ ಓದುತ್ತದೆಯೇ ಎಂದು ನೋಡಿ, ಓದದಂತಾಗುವ ಮೊದಲೇ ಇ57 ಎಂಬ ಸರ್ವಸಾಮಾನ್ಯ ರೂಪಕ್ಕೆ ಬದಲಾಯಿಸಿಟ್ಟಿದ್ದೇನೆ. ಕಳೆದ ಸಲ ತೆರೆದಾಗ ಎಲ್ಲ ತಾಣಗಳೂ ಸರಿಯಾಗಿ ಬಂದವು. ನಾಲ್ಕನೆಯ ತಾಣಕ್ಕೆ ಮಾತ್ರ ಬಣ್ಣ ಬರಲಿಲ್ಲ.