ಸಹಿ ಹಾಕುವ ಮುನ್ನ



ಸಂಘದ ಸಮಾರಂಭಗಳಲ್ಲಿ ನಿಮ್ಮನ್ನು ಕಂಡಾಗಲೆಲ್ಲ "ಮುಂದೇನು ಓದುತ್ತೀಯಪ್ಪ?" ಎಂದು ಕೇಳುವುದು ನನ್ನ ಅಭ್ಯಾಸ. ಬಹುಪಾಲು ಉತ್ತರ ಕಂಪ್ಯೂಟರ್. ಈ ಯುಗಾದಿಯಂದು ಮಾತ್ರ ಒಬ್ಬ ಹುಡುಗಿ, "ಸಿವಿಲ್ ಮಾಮ, ಆದರೆ ಸೈಟಿನಲ್ಲಿ ತಪಾಸಣೆ ಮಾಡುವ ಕೆಲಸಕ್ಕೆ ಭವಿಷ್ಯವಿದೆಯಾ?" ಎಂದಳು. ಚೆನ್ನೈನಲ್ಲಿ 30 ವರ್ಷ ಅದೇ ಕೆಲಸ ಮಾಡಿದ ನಾನು ಊಟದ ಸಾಲಿನಲ್ಲಿ ನಿಂತು ಕೊಟ್ಟ ಉತ್ತರ ಸಾಲದೆನಿಸಿತು. ಅದಕ್ಕೇ ಈ ನಾಲ್ಕು ಮಾತು.

"ಮನೆ ಕಟ್ಟಿ ನೋಡು" ಎನ್ನುತ್ತಾರಲ್ಲ, ಅದರಲ್ಲಿ ಕಟ್ಟುವುದು ಇತರರ ಪಾಲು, ನೋಡುವುದು ನಮ್ಮ ಪಾಲು. ಕಂಬಿಗಳ ಅಂತರ, ಸೆಂಟ್ರಿಂಗ್‌ನ ಭದ್ರತೆ, ಕಾಂಕ್ರೀಟಿನ ಹದ ಎಲ್ಲವನ್ನೂ ನಕ್ಷೆಯೊಡನೆ ಹೋಲಿಸಿ ಸಹಿ ಹಾಕಬೇಕು. 15 ಸೆಂ.ಮೀ. ಅಳತೆಯ ಘನಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, 7ನೇ ಮತ್ತು 28ನೇ ದಿನ ಯಂತ್ರದಲ್ಲಿ ಒಡೆದು ನೋಡಬೇಕು. ಆದರೆ 28ನೇ ದಿನದ ಫಲಿತಾಂಶ ಬರುವ ಹೊತ್ತಿಗೆ ಮೇಲಿನ ಅಂತಸ್ತು ಎದ್ದಿರುತ್ತದೆ. ಆದ್ದರಿಂದ ಎರಕದ ದಿನ ಕಣ್ಣು ಎಚ್ಚರವಾಗಿರಬೇಕು.

ಒಮ್ಮೆ ಮೇ ತಿಂಗಳ ಕತ್ತರಿ ಬಿಸಿಲು. ಕಾಂಕ್ರೀಟ್ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿ 3 ಗಂಟೆಯ ನಂತರ ಬಂತು. ನಿಯಮದ ಪ್ರಕಾರ 2 ಗಂಟೆಯೊಳಗೆ ಸುರಿಯಬೇಕು. ಗಟ್ಟಿಯಾಗುತ್ತಿದ್ದ ಮಾಲಿಗೆ ಡ್ರೈವರು ನೀರು ಬಿಡಹೊರಟ. ನಾನು ಲಾರಿಯನ್ನು ಹಿಂದಕ್ಕೆ ಕಳಿಸಿದೆ. ಮೇಲಿನವರು ಕೂಗಾಡಿದರು, ಮುಂದಿನ ತಿಂಗಳೇ ನನ್ನನ್ನು ಊರಾಚೆಯ ಗೋಡೌನಿಗೆ ಹಾಕಿದರು. "ಊರ ಉಸಾಬರಿಯೆಲ್ಲ ನಿಮಗೇ ಏಕೆ?" ಎಂದು ಮನೆಯಾಕೆಯೂ ಬೇಸರಪಟ್ಟಳು.

ಆಕೆಗೆ ಹೇಳದ ಕಾರಣವೊಂದಿತ್ತು. ಅದಕ್ಕೂ ಮೊದಲು ಒಂದು ಸಲ, ಕತ್ತಲಾಯಿತೆಂದು, ಕಂಬಿ ಎಣಿಸದೆಯೇ ಸಹಿ ಹಾಕಿದ್ದೆ. ಆ ಕಟ್ಟಡಕ್ಕೆ ಏನೂ ಆಗಿಲ್ಲ. ಆದರೂ ಇಂದಿಗೂ ಆ ಬೀದಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡುತ್ತೇನೆ. 2014ರ ಜೂನ್ 28ರಂದು ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು, ಹೆಚ್ಚಿನವರು ಕೂಲಿಕಾರರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಭವಿಷ್ಯದ ಮಾತು. ಹತ್ತನೆಯ ತರಗತಿಯ ನಂತರ 3 ವರ್ಷದ ಡಿಪ್ಲೊಮಾ ಮಾಡಿಯೂ, ಬಿ.ಇ. ಮಾಡಿಯೂ ಇದಕ್ಕೆ ಬರಬಹುದು. ಟಿಎನ್‌ಪಿಎಸ್‌ಸಿ ಪರೀಕ್ಷೆ ಬರೆದರೆ ಲೋಕೋಪಯೋಗಿ ಇಲಾಖೆಯ ದಾರಿಯಿದೆ. ಮೆಟ್ರೋದ ಎರಡನೆಯ ಹಂತವೊಂದೇ 3 ಮಾರ್ಗಗಳಲ್ಲಿ ಸುಮಾರು 119 ಕಿ.ಮೀ. ಖಾಸಗಿಯಲ್ಲಿ ಆರಂಭದ ಸಂಬಳ ಸಾಫ್ಟ್‌ವೇರಿನಷ್ಟಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಬಿಸಿಲು, ಧೂಳು, ಐಪ್ಪಸಿ ಮಳೆ, ರಾತ್ರಿ ಎರಕ ಎಲ್ಲವೂ ಇದೆ. ಹೆಣ್ಣುಮಕ್ಕಳು ಶೌಚಾಲಯದ ವ್ಯವಸ್ಥೆಯನ್ನು ಮೊದಲೇ ವಿಚಾರಿಸಿ ಸೇರುವುದು ಒಳ್ಳೆಯದು.

ನಿಮ್ಮ ಬಳಿ ಒಂದು ಬಂಡವಾಳ ಈಗಾಗಲೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕಲಿತ ಇಂಗ್ಲಿಷ್. ಜೊತೆಗೆ ಹಿಂದಿ ಸ್ವಲ್ಪ ಕಲಿತರೆ ಒಡಿಶಾ, ಬಿಹಾರದಿಂದ ಬಂದ ಕಂಬಿ ಕಟ್ಟುವವರೊಡನೆ ಮಾತನಾಡಬಹುದು. ಎಲ್ಲಿ ತಪ್ಪಾಗಿದೆ ಎಂದು ಮೊದಲು ಹೇಳುವವರು ಅವರೇ, ಕೇಳುವವರಿರಬೇಕು, ಅಷ್ಟೆ.

ಆದ್ದರಿಂದ ಮಗೂ, ಭವಿಷ್ಯವಿದೆ. "ಆಗುವುದಿಲ್ಲ" ಎನ್ನುವ ಧೈರ್ಯವಿದ್ದರೆ ಬಾ. ಒಂದು ವರ್ಗಾವಣೆಗೆ ಬೇಕಾಗುವಷ್ಟು ಹಣ ಮಾತ್ರ ಮೊದಲ ಸಂಬಳದಿಂದಲೇ ಉಳಿಸಿಡು.